ರುದ್ರನಾಟಕ ಎಂಬ ಮಾತು ಮತ್ತು ಬಿ. ಎಂ. ಶ್ರೀ

ದುಃಖಾಂತ, ದುರಂತ, ರುದ್ರನಾಟಕ ಎಂಬ ಮೂರು ಮಾತುಗಳನ್ನೂ ನಾವು ಪರೀಕ್ಷೆಯ ಉತ್ತರಗಳಲ್ಲಿ ಒಂದೇ ಅರ್ಥದಲ್ಲಿ ಬರೆಯುತ್ತೇವೆ. ಇಂಗ್ಲಿಷಿನ ಟ್ರ್ಯಾಜಿಡಿಗೆ ಇವು ಸಂವಾದಿಗಳೆಂದು ರೂಢಿಯಾಗಿದೆ. ಮೂರನೆಯದನ್ನು ಕನ್ನಡದಲ್ಲಿ ನೆಲೆಗೊಳಿಸಿದವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಶ್ರೀಯವರು, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಅವರು ಪಡೆದ ಕೀರ್ತಿ ನಮ್ಮ ಪಠ್ಯಗಳಲ್ಲಿ ಸಾಕಷ್ಟು ವರ್ಣಿತವಾಗಿದೆ. ನಾಟಕಗಳತ್ತ ಹೋದವರು ಕಡಿಮೆ.

ನಾಯಕನ ಮರಣವನ್ನು ರಂಗದ ಮೇಲೆ ತೋರದೆ ನಾಟಕವನ್ನು ಮಂಗಳದಲ್ಲಿ ಮುಗಿಸುವುದು ಸಂಸ್ಕೃತ ನಾಟಕಗಳ ಸಾಮಾನ್ಯ ಪದ್ಧತಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಿಯೋ–ಜೂಲಿಯೆಟರ ಕಥೆ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಾಗ ಮಡಿದ ಪ್ರೇಮಿಗಳು ಮತ್ತೆ ಬದುಕಿದರು. ಇಂಥ ರಂಗಕ್ಕೆ ಟ್ರ್ಯಾಜಿಡಿಯನ್ನು ಯಾವ ಹೆಸರಿನಿಂದ ಕರೆತರುವುದು? ದುಃಖಾಂತವೆಂದರೆ ದೃಷ್ಟಿ ಮುಕ್ತಾಯದ ಮೇಲಷ್ಟೇ ನಿಲ್ಲುತ್ತದೆ. ಆದರೆ ಸಾಫೊಕ್ಲಿಸನ ‘ಫಿಲೊಕ್ಟೀಟಿಸ್’ನಲ್ಲಿ ನಾಯಕ ಸಾಯುವುದಿಲ್ಲ; ಈಸ್ಕಿಲಸನ ಒರೆಸ್ಟಿಸ್ ನಾಟಕತ್ರಯ ಶಾಂತಿಯಲ್ಲಿ ಕೊನೆಗೊಳ್ಳುತ್ತದೆ. ಗ್ರೀಕರಿಗೆ ಅವೂ ಟ್ರ್ಯಾಜಿಡಿಗಳೇ. ಕರುಣನಾಟಕವೆಂದರೋ, ಅರಿಸ್ಟಾಟಲ್ ಹೇಳಿದ ಎರಡು ಭಾವಗಳಲ್ಲಿ ಕರುಣೆ ಉಳಿದು ಭಯ ಬಿಟ್ಟುಹೋಗುತ್ತದೆ. ರುದ್ರ ಎಂಬಲ್ಲಿ ಭಯವಿದೆ. ರುದ್ ಧಾತುವಿಗೆ ಅಳುವುದೆಂಬ ಅರ್ಥವಿರುವುದರಿಂದ, ರುದ್ರನು ಅಳಿಸುವವನೆಂಬ ನಿರುಕ್ತಿಯೂ ಉಂಟು. ಈ ಮಾತಿನ ಔಚಿತ್ಯ ಇಲ್ಲಿದೆಯೆಂದು ನನ್ನ ಎಣಿಕೆ.

ಹೆಸರಿಗೆ ತಕ್ಕ ಕೃತಿಗಳನ್ನೂ ಅವರು ರಚಿಸಿದರು. 1926ರ ‘ಗದಾಯುದ್ಧ ನಾಟಕಂ’ ರನ್ನನ ಕಾವ್ಯದಿಂದಲೇ ರೂಪುಗೊಂಡುದು. ರನ್ನನಿಗೆ ಭೀಮ ಕಥಾನಾಯಕ. ಇಲ್ಲಿ ನಮ್ಮ ಮನಸ್ಸು ದುರ್ಯೋಧನನ ಪತನವನ್ನು ಹಿಂಬಾಲಿಸುತ್ತದೆ. 1929ರ ‘ಅಶ್ವತ್ಥಾಮನ್’ ಇನ್ನೂ ದಿಟ್ಟವಾದುದು. ಸಾಫೊಕ್ಲಿಸನ ‘ಅಯಾಸ್’ ಅದರ ಮಾದರಿ. ಭ್ರಾಂತಿಗೊಳಗಾಗಿ, ಎಚ್ಚೆತ್ತಾಗ ಅವಮಾನವನ್ನು ತಾಳಲಾರದೆ ಪ್ರಾಣ ಕಳೆದುಕೊಳ್ಳುವ ಗ್ರೀಕ್ ವೀರನ ಸ್ಥಾನದಲ್ಲಿ ಶ್ರೀಯವರು ದ್ರೋಣಪುತ್ರನನ್ನು ನಿಲ್ಲಿಸಿದರು. ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ! ಅವನನ್ನು ಸಾಯಿಸಿದುದಕ್ಕೆ ಆಕ್ಷೇಪಣೆಗಳು ಬಂದುವು. ಅವನ್ನು ಅರಸಿಕರ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಾವೇ ಇಲ್ಲದೆ ಅಲೆಯಬೇಕಾದ ಶಾಪ ಆತ್ಮಹತ್ಯೆಗಿಂತ ಕಡಿಮೆ ರುದ್ರವೇ ಎಂದು ಕೇಳಲು ಎಡೆಯಿದೆ. 1935ರಲ್ಲಿ ಈಸ್ಕಿಲಸನ ನಾಟಕವೊಂದು ‘ಪಾರಸಿಕರು’ ಆಗಿ ಬಂದಿತು. ಸಲಾಮಿಸ್ ಕದನದಲ್ಲಿ ಸೋತವರ ಆಸ್ಥಾನ ಅದರ ರಂಗಸ್ಥಳ. ಗೆದ್ದ ಗ್ರೀಕರ ಕವಿಯೇ ಸೋತ ಶತ್ರುವಿನ ಗೋಳನ್ನು ಹಾಡಿದ ಕೃತಿಯದು.

1946ರ ಜನವರಿ 5ರಂದು ಶ್ರೀಯವರು ಧಾರವಾಡದಲ್ಲಿ ನಿಧನರಾದರು. ದುರಂತವೆಂಬ ಮಾತು ಈಗ ವೃತ್ತಪತ್ರಿಕೆಗಳಲ್ಲಿ ರೈಲು ಅಪಘಾತಕ್ಕೂ ಸಲ್ಲುತ್ತಿದೆ. ರುದ್ರನಾಟಕವನ್ನು ಯಾರೂ ಹಾಗೆ ಬಳಸಿಲ್ಲ.