ಕುವೆಂಪು ಅವರ ಗೋಪಾಲ್ ಮಹಾರಾಜರು ಫ್ರಾನ್ಸಿಗೆ ಹೋದ ಕಥೆ

ರಾಜ್ಯೋತ್ಸವದ ದಿನ ‘ಕಿಂದರಿಜೋಗಿ’ ನಾಟಕದಲ್ಲಿ ಇಲಿಗಳಾಗಿ ವೇದಿಕೆ ತುಂಬ ಓಡಾಡಿದ ಮಕ್ಕಳೇ, ಈ ಲೇಖನ ಮುಖ್ಯವಾಗಿ ನಿಮಗೆ. ದೊಡ್ಡವರು ಓದಿದರೆ ಬೇಡ ಎನ್ನುವುದಿಲ್ಲ. ಆ ಕಥೆಯನ್ನು ಕನ್ನಡಕ್ಕೆ ತಂದವರು ಕುವೆಂಪು ಎಂದು ನಿಮಗೆ ಗೊತ್ತು. ಕಾರ್ಯಕ್ರಮದ ಮೊದಲು ನಾವೆಲ್ಲ ಎದ್ದು ನಿಂತು ಹಾಡುವ ನಾಡಗೀತೆಯೂ ಅವರದೇ. ಆದರೆ ಕುವೆಂಪು ಇನ್ನೂ ಕಾಲೇಜು ಹುಡುಗನಾಗಿ ಮೈಸೂರಿನಲ್ಲಿ ಕಾಯಿಲೆ ಬಿದ್ದಾಗ, ಅವರನ್ನು ಕರೆದುಕೊಂಡು ಹೋಗಿ ಆರೈಕೆ ಮಾಡಿದ ಸಂನ್ಯಾಸಿ ಒಬ್ಬರಿದ್ದರು. ಅವರ ಹೆಸರು ನಿಮ್ಮ ಅಪ್ಪ ಅಮ್ಮಂದಿರಲ್ಲೂ ಅನೇಕರಿಗೆ ಗೊತ್ತಿರಲಾರದು. ಇನ್ನೂ ಸೋಜಿಗದ ಸಂಗತಿ ಏನೆಂದರೆ, ಆ ಸಂನ್ಯಾಸಿ ಮುಂದೆ ಕಟ್ಟಿದ ಆಶ್ರಮ ಇರುವುದು ಫ್ರಾನ್ಸಿನಲ್ಲಿ, ಪ್ಯಾರಿಸ್ಸಿನಿಂದ ಲೋಕಲ್ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರದಲ್ಲಿ.

ನನ್ನ ಬಾಲ್ಯದ ಗೆಳತಿಯೊಬ್ಬಳು ಪ್ಯಾರಿಸ್ಸಿನಲ್ಲಿದ್ದಾಳೆ. ಮೈಸೂರಿನವಳು. ಅವಳ ಅಣ್ಣ ಓದಿದ್ದು ಯಾದವಗಿರಿಯ ರಾಮಕೃಷ್ಣ ವಿದ್ಯಾಶಾಲೆಯಲ್ಲಿ, ಹಾಗಾಗಿ ಆ ಮನೆಯವರಿಗೆಲ್ಲ ಆಶ್ರಮದ ಬಳಕೆ ಉಂಟು. ಅವಳ ಮನೆಗೆ ಹೋದಾಗ ನಾನು ಐಫೆಲ್ ಗೋಪುರ, ಲೂವ್ರ್ ಮ್ಯೂಸಿಯಂ ಎಂದು ಪಟ್ಟಿ ಹಿಡಿದು ಕೂತಿದ್ದೆ. ಅವಳು ಅದನ್ನು ಪಕ್ಕಕ್ಕಿಟ್ಟು, ‘ಗೋಪುರ ಎಲ್ಲಿಗೂ ಓಡಿಹೋಗುವುದಿಲ್ಲ ಕಣೆ, ನಾಳೆ ಗ್ರೆಟ್ಸ್‌ಗೆ ಹೋಗೋಣ ಬಾ’ ಎಂದಳು.

ಗ್ರೆಟ್ಸ್ ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಸಣ್ಣ ಊರು. ಪೂರ್ತಿ ಹೆಸರು ಗ್ರೆಟ್ಸ್-ಆರ್ಮೆನ್ವಿಲಿಯೆ. ಆರ್‌ಇಆರ್ ‘ಇ’ ಮಾರ್ಗದಲ್ಲಿ ತೂರ್ನಾನ್ ಕಡೆಗೆ ಹೋಗುವ ರೈಲು ಹತ್ತಿದರೆ ಕೊನೆಯ ನಿಲ್ದಾಣಕ್ಕೆ ಒಂದು ಮುಂಚೆ ಇಳಿಯಬೇಕು. ನಗರದ ಎತ್ತರದ ಮನೆಗಳು ಹಿಂದಾಗಿ, ಆಮೇಲೆ ತೋಟದ ಮನೆಗಳು ಬಂದು, ಕೊನೆಗೆ ಗದ್ದೆಬಯಲು, ಮರಗಳ ಸಾಲು ಕಾಣತೊಡಗುತ್ತವೆ. ಆಶ್ರಮ ಎಂದರೆ ನೀವು ಹುಲ್ಲಿನ ಗುಡಿಸಲನ್ನೋ ಗೋಪುರವಿರುವ ದೇವಸ್ಥಾನವನ್ನೋ ಊಹಿಸಿಕೊಂಡಿದ್ದರೆ ಅದನ್ನು ಬಿಟ್ಟುಬಿಡಿ. ಇದು ಹಳೆಯ ಕಾಲದ ಫ್ರೆಂಚ್ ಸಾಹುಕಾರರ ಬಂಗಲೆಯಂಥ ದೊಡ್ಡ ಮನೆ. ಸುತ್ತ ದೊಡ್ಡ ದೊಡ್ಡ ಮರಗಳು, ಹಿಂದೆ ತರಕಾರಿ ತೋಟ. ಹೊರಗಿನಿಂದ ನೋಡಿದರೆ ಭಾರತದ ಗುರುತು ಏನೂ ಇಲ್ಲ ಎನ್ನಬೇಕು.

ಗುರುತು ಇರುವುದು ಒಳಗೆ. ಧ್ಯಾನದ ಕೋಣೆಯಲ್ಲಿ ಮೂರು ಪಟಗಳು: ರಾಮಕೃಷ್ಣ ಪರಮಹಂಸರು, ಅವರ ಪತ್ನಿ ಶಾರದಾದೇವಿ, ಶಿಷ್ಯ ವಿವೇಕಾನಂದರು. ಕಾಲು ಮಡಿಚಿ, ಅರ್ಧ ಕಣ್ಣು ಮುಚ್ಚಿ ಕೂತಿರುವ ರಾಮಕೃಷ್ಣರ ಪಟ ನಿಮ್ಮ ಅಜ್ಜಿಯ ಮನೆಯಲ್ಲೂ ಇರಬಹುದು. ಅದು ಕಲಾವಿದರು ಕಲ್ಪಿಸಿಕೊಂಡು ಬರೆದ ಚಿತ್ರವಲ್ಲ, ನಿಜವಾದ ಫೋಟೋ. 1883ರ ಸುಮಾರಿನಲ್ಲಿ ದಕ್ಷಿಣೇಶ್ವರದಲ್ಲಿ ತೆಗೆದದ್ದು. ಮೈಸೂರಿನ ಆಶ್ರಮದಲ್ಲಿ, ಬೆಂಗಳೂರಿನ ಬಸವನಗುಡಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಎಲ್ಲ ಕಡೆ ಇರುವುದು ಇದೇ ಫೋಟೋ.

ಇಷ್ಟೊಂದು ಕಡೆ ಒಂದೇ ಫೋಟೋ ಹೇಗೆ ಬಂತು ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾಮಕೃಷ್ಣರು (1836–1886) ಕಲ್ಕತ್ತೆಯ ಹತ್ತಿರ ದಕ್ಷಿಣೇಶ್ವರದ ಕಾಳಿ ಗುಡಿಯಲ್ಲಿ ಅರ್ಚಕರಾಗಿದ್ದವರು. ಹೆಚ್ಚು ಶಾಲೆ ಕಲಿತವರಲ್ಲ. ದೇವರನ್ನು ಕಾಣಬೇಕೆಂಬ ಹಂಬಲದಲ್ಲಿ ಹಿಂದೂ ದಾರಿಗಳಷ್ಟೇ ಅಲ್ಲದೆ ಇಸ್ಲಾಂ, ಕ್ರೈಸ್ತ ದಾರಿಗಳಲ್ಲೂ ನಡೆದು ನೋಡಿದರು. ಎಲ್ಲ ದಾರಿಗಳೂ ಒಂದೇ ಕಡೆ ಮುಟ್ಟಿಸುತ್ತವೆ ಎಂದರು. ಅವರ ಶಿಷ್ಯ ವಿವೇಕಾನಂದರು (1863–1902) 1893ರಲ್ಲಿ ಶಿಕಾಗೋದಲ್ಲಿ ಮಾತಾಡಿದ್ದನ್ನು ನಿಮಗೆ ಎಲ್ಲರೂ ಹೇಳಿರುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿಗೆ ಬಂದು ಮಹಾರಾಜ ಚಾಮರಾಜ ಒಡೆಯರ ಅತಿಥಿಯಾಗಿದ್ದರು ಎಂಬುದನ್ನು ಮಾತ್ರ ನೆನಪಿಡಿ. 1897ರಲ್ಲಿ ಅವರು ರಾಮಕೃಷ್ಣ ಮಿಷನ್ ಸ್ಥಾಪಿಸಿದರು. ಅದರ ಕೇಂದ್ರ ಬೇಲೂರು ಮಠ. ನಮ್ಮ ಹಾಸನದ ಬೇಲೂರಲ್ಲ, ಬಂಗಾಳದಲ್ಲಿ ಗಂಗೆಯ ದಂಡೆಯ ಮೇಲಿರುವುದು. ಲೋಕದ ಯಾವ ಮೂಲೆಯ ಶಾಖೆಗಾದರೂ ಸ್ವಾಮಿಗಳನ್ನು ಕಳಿಸುವುದು ಅಲ್ಲಿಂದಲೇ. ಗ್ರೆಟ್ಸ್ ಆಶ್ರಮ ಆ ಮಠದ ಫ್ರಾನ್ಸ್ ಶಾಖೆ.

ಗ್ರೆಟ್ಸ್‌ನ ಪುಸ್ತಕದ ಕೋಣೆಯಲ್ಲಿ ಫ್ರೆಂಚ್ ಪುಸ್ತಕಗಳ ಮೇಲೆ ಮಿಷನ್ನಿನ ಲಾಂಛನ ನೋಡಿದೆ. ಚಿತ್ರ ಬರೆಯುವ ಮಕ್ಕಳು ಇದನ್ನೊಮ್ಮೆ ಬರೆದು ನೋಡಬೇಕು. ಅಲೆಯೇಳುವ ನೀರು, ಅದರಲ್ಲಿ ತಾವರೆ, ಹಿಂದೆ ಮೂಡುತ್ತಿರುವ ಸೂರ್ಯ, ನಡುವೆ ಹಂಸ, ಎಲ್ಲವನ್ನೂ ಸುತ್ತಿಕೊಂಡ ಹಾವು. ಕಲ್ಪನೆ ವಿವೇಕಾನಂದರದು. ಅಲೆಯೆಂದರೆ ಕೆಲಸ, ತಾವರೆ ಭಕ್ತಿ, ಸೂರ್ಯ ಜ್ಞಾನ, ಹಾವು ಯೋಗ. ಈ ನಾಲ್ಕೂ ಕೂಡಿದರೆ ಸಿಗುವ ಪರಮಾತ್ಮನೇ ಹಂಸ ಎಂದು ಅವರೇ ಬಿಡಿಸಿ ಹೇಳಿದ್ದಾರೆ. ಇಂದಿನ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಮಾಡಿಸಿಕೊಳ್ಳುವ ಲೋಗೋಗಳಿಗಿಂತ ಇದು ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ.

ನಮಗೆ ತೋಟ ತೋರಿಸಿದವರು ವಯಸ್ಸಾದ ಫ್ರೆಂಚ್ ಮಹಿಳೆ. ಬಹಳ ಕಾಲದಿಂದ ಅಲ್ಲಿಗೆ ಬಂದು ಕೆಲಸಕ್ಕೆ ಕೈಜೋಡಿಸುವವರಂತೆ. ಗೆಳತಿ ತನ್ನ ಊರು ಮೈಸೂರು ಎಂದ ಕೂಡಲೇ ಅವರ ಮುಖ ಅರಳಿತು. ‘ನಮ್ಮ ಸ್ವಾಮಿ ಅಲ್ಲಿಂದಲೇ ಬಂದವರಲ್ಲವೇ!’ ಕುವೆಂಪು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಇದು ತಿರುಗುಮುರುಗಾಗಿದೆ. ಕುವೆಂಪು ಎಲ್ಲರಿಗೂ ಗೊತ್ತು, ಸ್ವಾಮಿ ಸಿದ್ಧೇಶ್ವರಾನಂದರು ಯಾರಿಗೂ ಗೊತ್ತಿಲ್ಲ.

ಸಿದ್ಧೇಶ್ವರಾನಂದರು ಹುಟ್ಟಿನಿಂದ ಕನ್ನಡಿಗರಲ್ಲ, ಕೇರಳದವರು. 1897ರಲ್ಲಿ ಹುಟ್ಟಿದರು. ಪೂರ್ವಾಶ್ರಮದ ಹೆಸರು ಗೋಪಾಲ. ರಾಮಕೃಷ್ಣ ಆಶ್ರಮಗಳಲ್ಲಿ ಸ್ವಾಮಿಗಳನ್ನು ಮಹಾರಾಜ್ ಎಂದು ಕರೆಯುವ ವಾಡಿಕೆ, ಹಾಗಾಗಿ ಅವರು ಗೋಪಾಲ್ ಮಹಾರಾಜ್ ಆದರು. 1925ರಲ್ಲಿ ಮೈಸೂರಿನಲ್ಲಿ ಆಶ್ರಮ ಆರಂಭವಾದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆ ಬಿದ್ದದ್ದು ಇವರ ಮೇಲೆ. ವಯಸ್ಸು ಮೂವತ್ತೂ ಆಗಿರಲಿಲ್ಲ. ಆಗಿನ ಮೈಸೂರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು. ಅರಮನೆಯಲ್ಲಿ ವೇದಾಂತದ ಚರ್ಚೆ, ಮಹಾರಾಜಾ ಕಾಲೇಜಿನಲ್ಲಿ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಅಂಥ ಮೇಷ್ಟ್ರುಗಳು. ಕಾಲೇಜು ಹುಡುಗರು ಆಶ್ರಮಕ್ಕೆ ಬಂದು ಹೋಗಿ ಮಾಡುತ್ತಿದ್ದರು.

ಅವರಲ್ಲಿ ಒಬ್ಬ ಮಲೆನಾಡಿನ ಕುಪ್ಪಳಿಯಿಂದ ಬಂದ ಪುಟ್ಟಪ್ಪ, ಮುಂದೆ ಕುವೆಂಪು ಆದ ಹುಡುಗ. ತಂದೆ ಇಲ್ಲ, ತಾಯಿಯನ್ನೂ ಕಳೆದುಕೊಂಡಿದ್ದ. ಕೋಣೆ ಹಿಡಿದು ಓದುತ್ತಿದ್ದ ಹುಡುಗ, ಪದ್ಯ ಬರೆಯುವ ಹುಚ್ಚು. ದೂರದ ಊರಲ್ಲಿ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರು ಯಾರು? ನಿಮ್ಮ ಅಣ್ಣ ಅಕ್ಕಂದಿರು ಯೂನಿವರ್ಸಿಟಿ ಹಾಸ್ಟೆಲ್ಲಿಗೆ ಹೋದಾಗ ನಿಮ್ಮ ಅಮ್ಮ ಪಡುವ ದಿಗಿಲು ಇದೇ. ಪುಟ್ಟಪ್ಪನಿಗೆ ಕಾಯಿಲೆ ಬಂದಾಗ ಸಿದ್ಧೇಶ್ವರಾನಂದರು ಅವನನ್ನು ಆಶ್ರಮಕ್ಕೆ ಕರೆತಂದು ಇಟ್ಟುಕೊಂಡರು. ವಾಸಿಯಾದ ಮೇಲೂ ಅವನು ಅಲ್ಲೇ ಉಳಿದ. ಹತ್ತು ವರ್ಷದ ಹತ್ತಿರ ಹತ್ತಿರ ಆಶ್ರಮವೇ ಅವನ ಮನೆ. ಎಂ.ಎ. ಮುಗಿಸಿದ್ದು, ಕಾಲೇಜಿನಲ್ಲಿ ಅಧ್ಯಾಪಕರಾದದ್ದು ಅಲ್ಲಿದ್ದಾಗಲೇ. 1929ರಲ್ಲಿ ಬೇಲೂರು ಮಠಕ್ಕೆ ಹೋಗಿ, ರಾಮಕೃಷ್ಣರ ನೇರ ಶಿಷ್ಯರಾಗಿದ್ದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಕನ್ನಡದಲ್ಲಿ ರಾಮಕೃಷ್ಣರ, ವಿವೇಕಾನಂದರ ಜೀವನಚರಿತ್ರೆಗಳನ್ನು ಬರೆದದ್ದೂ ಆ ವರ್ಷಗಳಲ್ಲೇ. ‘ವಿಶ್ವಮಾನವ’ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವಲ್ಲ, ಆ ಮನಸ್ಸಿನ ತಳಪಾಯದಲ್ಲಿ ಆಶ್ರಮದ ಈ ವರ್ಷಗಳ ಕಲ್ಲು ಇದೆ. ಕುವೆಂಪು ಬಗ್ಗೆ ಮಾತಾಡುವಾಗ ಅನೇಕರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ಅದು ಸರಿಯಲ್ಲ.

1937ರಲ್ಲಿ ಇಬ್ಬರ ದಾರಿಯೂ ಬೇರೆಯಾಯಿತು. ಕುವೆಂಪು ಹೇಮಾವತಿಯವರನ್ನು ಮದುವೆಯಾಗಿ ಸಂಸಾರ ಹೂಡಿದರು. ಅದೇ ವರ್ಷ ಬೇಲೂರು ಮಠ ಸಿದ್ಧೇಶ್ವರಾನಂದರನ್ನು ಪ್ಯಾರಿಸ್ಸಿಗೆ ಕಳಿಸಿತು.

ಪ್ಯಾರಿಸ್ಸಿನವರಿಗೆ ಸ್ವಾಮಿ ಯಾಕೆ ಬೇಕಾಯಿತು ಎಂದು ಕೇಳಬಹುದು. ನೊಬೆಲ್ ಬಹುಮಾನ ಪಡೆದ ಫ್ರೆಂಚ್ ಲೇಖಕ ರೊಮೇ ರೋಲಾ ಅವರು 1929ರಲ್ಲಿ ರಾಮಕೃಷ್ಣರ ಜೀವನಚರಿತ್ರೆಯನ್ನೂ ಮರುವರ್ಷ ವಿವೇಕಾನಂದರ ಬಗ್ಗೆ ಪುಸ್ತಕವನ್ನೂ ಬರೆದಿದ್ದರು. ಆತ ಭಾರತಕ್ಕೆ ಕಾಲಿಟ್ಟವರೇ ಅಲ್ಲ! ಆದರೂ ಆ ಪುಸ್ತಕಗಳನ್ನು ಓದಿದ ಫ್ರೆಂಚರಿಗೆ, ಈ ವಿಷಯ ಹೇಳಿಕೊಡುವವರು ಒಬ್ಬರು ತಮ್ಮ ನಡುವೆ ಇರಬೇಕು ಅನ್ನಿಸಿತು. ವಿವೇಕಾನಂದರೂ 1900ರಲ್ಲಿ ಪ್ಯಾರಿಸ್ಸಿಗೆ ಬಂದು ಧರ್ಮಗಳ ಇತಿಹಾಸದ ಸಮ್ಮೇಳನದಲ್ಲಿ ಭಾಗವಹಿಸಿದ್ದರು. ಆದರೆ ನೆಲೆನಿಂತು ಕೆಲಸ ಮಾಡಿದವರು ಸಿದ್ಧೇಶ್ವರಾನಂದರು.

ಅವರು ಬಂದು ಎರಡೇ ವರ್ಷಕ್ಕೆ ಎರಡನೆಯ ಮಹಾಯುದ್ಧ ಶುರುವಾಯಿತು. 1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸನ್ನು ಹಿಡಿಯಿತು. ಆಗ ಭಾರತ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅಂದರೆ ಭಾರತೀಯರೆಲ್ಲ ಜರ್ಮನ್ನರ ಕಣ್ಣಿಗೆ ಶತ್ರುದೇಶದ ಪ್ರಜೆಗಳು. ಸ್ವಾಮಿಗಳು ಯುದ್ಧಕಾಲವನ್ನು ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಕಳೆದರು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಮರಳಿ, ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ವೇದಾಂತದ ಉಪನ್ಯಾಸಗಳನ್ನು ಕೊಟ್ಟರು. 1948ರಲ್ಲಿ ಗ್ರೆಟ್ಸ್‌ನಲ್ಲಿ ಆಶ್ರಮ ನೆಲೆಯಾಯಿತು.

ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಫ್ರೆಂಚರಿಗೆ ಉಪನಿಷತ್ತು ಹೇಳಿಕೊಡಲು ಬಂದವರು ಅವರ ಧರ್ಮದ ಸಂತರನ್ನೇ ಕೂತು ಓದಿದರು. ಹದಿನಾರನೆಯ ಶತಮಾನದ ಸ್ಪೇನ್‌ನಲ್ಲಿ ಸಂತ ಯೋಹಾನ ಎಂಬ ಸಂನ್ಯಾಸಿ ಇದ್ದ. ‘ಶಿಲುಬೆಯ ಯೋಹಾನ’ ಎಂದು ಪ್ರಸಿದ್ಧ. ತನ್ನದೇ ಪಂಥದವರು ಅವನನ್ನು ಟೊಲೆಡೊ ಊರಿನ ಕತ್ತಲ ಕೋಣೆಯಲ್ಲಿ ಕೂಡಿಹಾಕಿದಾಗ ಆತ ದೇವರ ಮೇಲೆ ಅದ್ಭುತವಾದ ಪದ್ಯಗಳನ್ನು ಕಟ್ಟಿದ. ಸಿದ್ಧೇಶ್ವರಾನಂದರು ಆ ಸಂತನ ಸಾಧನೆಯನ್ನೂ ನಮ್ಮ ರಾಜಯೋಗವನ್ನೂ ಪಕ್ಕಪಕ್ಕ ಇಟ್ಟು ಉಪನ್ಯಾಸ ಮಾಡಿದರು. ನಿಮ್ಮದು ಬಿಟ್ಟು ನಮ್ಮದಕ್ಕೆ ಬನ್ನಿ ಎಂದು ಯಾರನ್ನೂ ಕರೆಯಲಿಲ್ಲ. ಚರ್ಚಿಗೆ ಹೋಗುವವರು ಚರ್ಚಿಗೆ ಹೋಗುತ್ತಲೇ ಗ್ರೆಟ್ಸ್‌ಗೂ ಬರುತ್ತಿದ್ದರು. ಈಗಲೂ ಅಷ್ಟೇ. ರಾಮಕೃಷ್ಣ ಮಠದ ಎಲ್ಲ ಕೇಂದ್ರಗಳಂತೆ ಅಲ್ಲಿ ಕ್ರಿಸ್‌ಮಸ್ ಹಬ್ಬವೂ ಉಂಟು, ದುರ್ಗೆಯ ಹಬ್ಬವೂ ಉಂಟು.

ಸಂಜೆ ಆರತಿಗೆ ಕೂತೆವು. ಹಾಡುವುದು ವಿವೇಕಾನಂದರೇ ರಚಿಸಿದ ಆರತಿ ಹಾಡು. ನನ್ನ ಗೆಳತಿಗೆ ಬಾಯಿಪಾಠ. ಪಕ್ಕದಲ್ಲಿ ಕೂತ ಫ್ರೆಂಚರು ಪುಸ್ತಕ ನೋಡಿಕೊಂಡು ಹಾಡಿದರು. ‘ರ’ಕಾರಗಳೆಲ್ಲ ಗಂಟಲಲ್ಲಿ ಉರುಳುತ್ತಿದ್ದವು ಎನ್ನುವುದೊಂದು ಬಿಟ್ಟರೆ, ಮೈಸೂರಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಮಧ್ಯಾಹ್ನದ ಊಟವನ್ನು ಹೇಳುವುದು ಮರೆತೆ. ಬೇಳೆ, ಅನ್ನ, ತೋಟದ ಸೊಪ್ಪು, ಜತೆಗೆ ಉದ್ದನೆಯ ಫ್ರೆಂಚ್ ಬ್ರೆಡ್ಡು. ಬೇಳೆಗೆ ಖಾರ ಸಾಲದು ಎಂದು ಗೆಳತಿ ಪಿಸುಗುಟ್ಟಿದಳು. ತಟ್ಟೆ ತೊಳೆಯುವುದು ಎಲ್ಲರ ಪಾಲಿನ ಕೆಲಸ, ಬಂದ ನೆಂಟರೆಂದು ಬಿಡುವುದಿಲ್ಲ.

ಸಿದ್ಧೇಶ್ವರಾನಂದರು 1957ರಲ್ಲಿ ತೀರಿಕೊಂಡರು. ಅದಕ್ಕೆ ಎಷ್ಟೋ ಮುಂಚೆಯೇ, 1949ರಲ್ಲಿ, ಅವರು ಆರೈಕೆ ಮಾಡಿದ ಹುಡುಗ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟಿಸಿಯಾಗಿತ್ತು. ಅದೇ ಕಾವ್ಯಕ್ಕೆ ಮುಂದೆ ಜ್ಞಾನಪೀಠ ಪ್ರಶಸ್ತಿ ಬಂತು; ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು.

ಈ ರಜೆಯಲ್ಲಿ ಪ್ಯಾರಿಸ್ಸಿಗೆ ಹೋಗುವವರು ಒಂದು ದಿನ ಗ್ರೆಟ್ಸ್‌ಗೆ ಇಟ್ಟುಕೊಳ್ಳಿ. ಹೋಗುವ ಮುಂಚೆ ಆಶ್ರಮಕ್ಕೆ ತಿಳಿಸಿ ಹೋಗುವುದು ಮರ್ಯಾದೆ. ಮೈಸೂರಿಗೆ ಹೋಗುವವರು ಯಾದವಗಿರಿಯ ಆಶ್ರಮ ನೋಡಿ, ಅಲ್ಲಿ ಗೋಪಾಲ್ ಮಹಾರಾಜರ ಬಗ್ಗೆ ಕೇಳಿ. ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಪುಸ್ತಕದಲ್ಲಿ ಆಶ್ರಮದ ದಿನಗಳನ್ನು ವಿವರವಾಗಿ ಬರೆದಿದ್ದಾರೆ. ಅದು ಬಹಳ ದಪ್ಪ ಪುಸ್ತಕ, ನೀವೇ ಓದಿ ಎಂದು ನಾನು ಹಟ ಮಾಡುವುದಿಲ್ಲ. ಆ ಭಾಗವನ್ನಷ್ಟೇ ಅಪ್ಪನೋ ಅಮ್ಮನೋ ರಾತ್ರಿ ಓದಿ ಹೇಳಲಿ. ನಮ್ಮ ಕೂಟದ ಪುಸ್ತಕಗಳ ಪೆಟ್ಟಿಗೆಯಲ್ಲಿದ್ದ ಪ್ರತಿ ಸದ್ಯ ನನ್ನ ಹತ್ತಿರವೇ ಇದೆ. ಬೇಕಾದವರು ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕಾಗ ಕೇಳಿ ತೆಗೆದುಕೊಳ್ಳಿ.