ಪುಸ್ತಕದ ಗಂಟು ಹೊತ್ತ ಗಳಗನಾಥರು

ನಮ್ಮ ಕಾಲೇಜಿನ ಗ್ರಂಥಭಾಂಡಾರದಲ್ಲಿ ‘ಮಾಧವ ಕರುಣಾ ವಿಲಾಸ’ವನ್ನು ಕಂಡಾಗ ಅದರ ಗಾತ್ರಕ್ಕೆ ಅಂಜಿ ನಾನು ಅಲ್ಲಿಯೇ ಇಟ್ಟುಬಿಟ್ಟಿದ್ದೆ. ಅದನ್ನು ಬರೆದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರೆಂದು ಆಮೇಲೆ ತಿಳಿದು ನಾಚಿಕೆಯಾಯಿತು. ಅವರು ಗಂಟುಗಟ್ಟಲೆ ಹೊತ್ತದ್ದರಲ್ಲಿ ಒಂದನ್ನು ನಾನು ಮೇಜಿನವರೆಗೆ ಹೊರಲಾರೆನೆ?

ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಹಾವೇರಿ ಸೀಮೆಯ ಹಾವನೂರಿನಲ್ಲಿ ಜನಿಸಿದರು. ವರದಾ-ತುಂಗಭದ್ರೆಯರ ಸಂಗಮದಲ್ಲಿರುವ ಗಳಗನಾಥ ಕ್ಷೇತ್ರದ ಹೆಸರೇ ಅವರ ಕಾವ್ಯನಾಮವಾಯಿತು. ವೃತ್ತಿಯಿಂದ ಶಾಲಾಮಾಸ್ತರರು. ಆಗ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಮರಾಠಿಯದೇ ಪ್ರಾಬಲ್ಯ. ಇವರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ ದುಡಿದರು, ಸ್ವಂತ ಕಾದಂಬರಿಗಳನ್ನೂ ರಚಿಸಿದರು.

ಬರೆದದ್ದಾಯಿತು, ಅಚ್ಚೂ ಆಯಿತು, ಕೊಳ್ಳುವವರೆಲ್ಲಿ? ಓದುಗನು ಪುಸ್ತಕವನ್ನು ಹುಡುಕಿಕೊಂಡು ಬರುವ ಕಾಲವಲ್ಲ ಅದು. ಪುಸ್ತಕವೇ ಅವನ ಮನೆಬಾಗಿಲಿಗೆ ಹೋಗಬೇಕಾಗಿತ್ತು, ಅದೂ ಬರೆದವನ ತಲೆಯ ಮೇಲೆ. ಮಾಸ್ತರರೆಂದು ನಾಲ್ಕು ಜನ ನಮಸ್ಕರಿಸುವ ಮನುಷ್ಯ ಹೀಗೆ ಬೀದಿಯಲ್ಲಿ ಗಂಟು ಬಿಚ್ಚುವುದು ಸಣ್ಣ ಮಾತಲ್ಲ. ನನ್ನಿಂದಂತೂ ಆಗದು. ಕಾದಂಬರಿ ಓದುವ ಕನ್ನಡಿಗರನ್ನು ಅವರು ಒಬ್ಬೊಬ್ಬರಾಗಿ ಸಂಪಾದಿಸಿದರೆನ್ನಬೇಕು. 1942ರಲ್ಲಿ ತೀರಿಕೊಂಡರು.

ಕೊನೆಗೂ ಪುಸ್ತಕವನ್ನು ಮನೆಗೆ ಒಯ್ದೆ. 1923ರಲ್ಲಿ ಹೊರಬಂದ, ವಿಜಯನಗರ ಸ್ಥಾಪನೆಯ ಕಥೆ. ಸಂಸ್ಕೃತಭೂಯಿಷ್ಠವಾದ ಉದ್ದುದ್ದ ವಾಕ್ಯಗಳಲ್ಲಿ ಎರಡು ಸಲ ದಾರಿ ತಪ್ಪಿದೆ. ಕೆಲವು ಉಪದೇಶಗಳನ್ನು ಹಾರಿಸಿದ್ದೂ ಉಂಟು, ಅಧ್ಯಾಪಕರು ಕ್ಷಮಿಸಬೇಕು. ಆದರೆ ಕಥೆ ಬಿಡಲಿಲ್ಲ. ಮುಂದಿನ ವಾರ ಹಿಂದಿರುಗಿಸುತ್ತೇನೆ. ಬೇಕಾದವರು ಈಗಲೇ ಹೆಸರು ಬರೆಸಿಡಬಹುದು.