ಕಳ್ಳಭಟ್ಟಿ ಹಿಡಿಯುತ್ತಿದ್ದ ಅಬಕಾರಿ ಅಧಿಕಾರಿಯೇ ಭಟ್ಟಿಯ ಚಹರೆ ಬದಲಿಸಿದ! ಯಾರು ಈ ಏನಿಯಸ್ ಕಾಫಿ?

ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ಗೂ ಸ್ಕಾಚ್ ವಿಸ್ಕಿಗೂ ಏನು ಸಂಬಂಧ? ಎರಡರ ಹಿಂದೆಯೂ ಐರ್ಲೆಂಡ್‌ನ ಒಬ್ಬ ಅಬಕಾರಿ ಅಧಿಕಾರಿಯ ಬುದ್ಧಿ ಕೆಲಸ ಮಾಡಿದೆ. ಆತನ ಹೆಸರು ಏನಿಯಸ್ ಕಾಫಿ. ನಾವು ಬೆಳಗ್ಗೆ ಕುಡಿಯುವ ಕಾಫಿಗೂ ಈ ಹೆಸರಿಗೂ ನಂಟಿಲ್ಲ.

1780ರಲ್ಲಿ ಹುಟ್ಟಿದ ಕಾಫಿ ಎಳೆಯ ವಯಸ್ಸಿನಲ್ಲೇ ಅಬಕಾರಿ ಇಲಾಖೆ ಸೇರಿದ. ಆಗ ಐರ್ಲೆಂಡ್‌ನ ಹಳ್ಳಿಗಳಲ್ಲಿ ತೆರಿಗೆ ಕಟ್ಟದೆ ಕದ್ದು ಕಾಯಿಸುವ 'ಪೊಟೀನ್' ಮದ್ಯದ್ದೇ ಹಾವಳಿ. ಭಟ್ಟಿ ಒಡೆಯಲು ಬರುವ ಅಧಿಕಾರಿಗಳನ್ನು ಕಂಡರೆ ಜನರಿಗೆ ಆಗುತ್ತಿರಲಿಲ್ಲ. 1810ರಲ್ಲಿ ಡೊನೆಗಲ್ ಪ್ರದೇಶದಲ್ಲಿ ಗುಂಪೊಂದು ಕಾಫಿಯ ಮೇಲೆ ಮುಗಿಬಿತ್ತು. ತಲೆಬುರುಡೆ ಬಿರಿಯಿತು, ಬಯೊನೆಟ್ ಇರಿತವೂ ಆಯಿತು. ಬದುಕಿ ಉಳಿದದ್ದೇ ಹೆಚ್ಚು. ಆದರೂ ಆತ ಕೆಲಸ ಬಿಡಲಿಲ್ಲ. 1818ರ ಹೊತ್ತಿಗೆ ಇಡೀ ಐರ್ಲೆಂಡ್‌ನ ಹಂಗಾಮಿ ಅಬಕಾರಿ ಇನ್‌ಸ್ಪೆಕ್ಟರ್ ಜನರಲ್ ಆದ.

1824ರಲ್ಲಿ ರಾಜೀನಾಮೆ ಕೊಟ್ಟು ಡಬ್ಲಿನ್‌ನಲ್ಲಿ ತಾನೇ ಡಿಸ್ಟಿಲರಿ ನಡೆಸತೊಡಗಿದ. ಅಷ್ಟು ಹೊತ್ತಿಗೆ ದೇಶದ ಎಲ್ಲ ಬಗೆಯ ಭಟ್ಟಿಗಳನ್ನು ಆತ ಒಳಹೊಕ್ಕು ನೋಡಿದ್ದ. ಹಳೆಯ ತಾಮ್ರದ ಹಂಡೆಯಲ್ಲಿ ಒಂದು ಸಲ ಕಾಯಿಸಿ ಇಳಿಸಿದ ಮೇಲೆ ಅದನ್ನು ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿ ಕಾಯಿಸಬೇಕು. ಸಮಯವೂ ಹಾಳು, ಕಲ್ಲಿದ್ದಲೂ ಹಾಳು.

ನಿಲ್ಲಿಸದೆ ನಡೆಯುವ ಭಟ್ಟಿಗೆ ಫ್ರಾನ್ಸ್‌ನ ಸೆಲ್ಲಿಯೆ ಬ್ಲುಮೆಂಥಾಲ್, ಸ್ಕಾಟ್ಲೆಂಡ್‌ನ ರಾಬರ್ಟ್ ಸ್ಟೈನ್ ಆಗಲೇ ಕೈಹಾಕಿದ್ದರು. ಕಾಫಿ ಅದನ್ನು ಪಕ್ಕಾ ಮಾಡಿ 1830ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ಎರಡು ಎತ್ತರದ ಕಾಲಂಗಳಿದ್ದವು. ಮೊದಲನೆಯದರಲ್ಲಿ ಹುದುಗಿದ ರಸ ತೂತುಗಳಿರುವ ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ. ಕೆಳಗಿನಿಂದ ಏರುವ ಹಬೆ ಅದರಲ್ಲಿನ ಆಲ್ಕೋಹಾಲ್ ಸೆಳೆದುಕೊಳ್ಳುತ್ತದೆ. ಆ ಆವಿ ಎರಡನೇ ಕಾಲಂ ಸೇರಿ, ಮೇಲೇರುತ್ತಾ ಶುದ್ಧವಾಗುತ್ತದೆ.

ಜಾಣ್ಮೆ ಇದ್ದದ್ದು ಇಲ್ಲೇ. ಎರಡನೇ ಕಾಲಂನೊಳಗೆ ಅಂಕುಡೊಂಕು ಕೊಳವೆಯಲ್ಲಿ ತಣ್ಣಗಿನ ಹೊಸ ರಸ ಹರಿಯುತ್ತದೆ. ಅದು ಆವಿಯನ್ನು ತಣಿಸುತ್ತದೆ. ಆವಿ ಅದನ್ನು ಕಾಯಿಸುತ್ತದೆ. ಹೀಗೆ ಬಿಸಿಯಾದ ರಸವೇ ಮೊದಲ ಕಾಲಂಗೆ ಹೋಗುತ್ತದೆ. ವ್ಯರ್ಥವಾಗುತ್ತಿದ್ದ ಶಾಖವೇ ಇಂಧನ ಉಳಿಸಿತು. ಶೇ 90ಕ್ಕೂ ಹೆಚ್ಚು ಆಲ್ಕೋಹಾಲ್ ಇರುವ ಸ್ಪಿರಿಟ್ ಹಗಲಿರುಳೂ ಹರಿಯಿತು.

ಆದರೆ ಡಬ್ಲಿನ್‌ನ ದೊಡ್ಡ ವಿಸ್ಕಿ ತಯಾರಕರು ಮೂಗು ಮುರಿದರು. ಈ ಸ್ಪಿರಿಟ್‌ನಲ್ಲಿ ರುಚಿಯೇ ಇಲ್ಲ, ಇದು ವಿಸ್ಕಿಯೇ ಅಲ್ಲ ಎಂಬುದು ಅವರ ವಾದ. ಅದರಲ್ಲಿ ಸತ್ಯವೂ ಇತ್ತು. ಶುದ್ಧವಾದಷ್ಟೂ ಸ್ವಾದ ಕಡಿಮೆ. 1830ರ ದಶಕದಲ್ಲೇ ಕಾಫಿ ಲಂಡನ್‌ಗೆ ಹೋಗಿ ಮಕ್ಕಳೊಂದಿಗೆ ಭಟ್ಟಿ ತಯಾರಿಸುವ ಕಂಪನಿ ಕಟ್ಟಿದ.

ಇತ್ತ ಸ್ಕಾಟ್ಲೆಂಡ್‌ನವರು ಕಾಫಿಯ ಯಂತ್ರವನ್ನು ಅಪ್ಪಿಕೊಂಡರು. ಅಗ್ಗದ ಧಾನ್ಯದ ಸ್ಪಿರಿಟ್‌ಗೆ ಹಳೆಯ ಮಾಲ್ಟ್ ವಿಸ್ಕಿ ಬೆರೆಸಿ ಜಗತ್ತಿಗೇ ಮಾರಿದರು. ಇದನ್ನೂ ವಿಸ್ಕಿ ಎನ್ನಬಹುದು ಎಂದು 1909ರಲ್ಲಿ ಬ್ರಿಟನ್‌ನ ರಾಯಲ್ ಕಮಿಷನ್ ಒಪ್ಪಿತು. ಬೇರೆ ಕಾರಣಗಳೂ ಸೇರಿ 20ನೇ ಶತಮಾನದಲ್ಲಿ ಐರಿಷ್ ಡಿಸ್ಟಿಲರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಗೆ ಅವರೂ ಕಾಲಂ ಭಟ್ಟಿಗೇ ಬಂದರು.

ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಪಕ್ಕ ಇಂದು ನಿಂತಿರುವ ಎಥನಾಲ್ ಕಾಲಂಗಳಲ್ಲೂ ನಡೆಯುವುದು ಇದೇ ಕೆಲಸ: ಕೆಳಗಿಳಿಯುವ ದ್ರವ, ಮೇಲೇರುವ ಆವಿ, ಪೋಲಾಗದ ಬಿಸಿ. ತವರು ಬೇಡವೆಂದ ಯಂತ್ರ ಜಗತ್ತಿಗೆ ಬೇಕಾಯಿತು.